ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಗೇರ್ ಬದಲಿಸೋದು ಯಾರು?

ಈ ಸಂಚಿಕೆಯನ್ನ ಸ್ಕೂಟರ್ ಓಡಿಸ್ತಾ ಕೇಳ್ತಿದ್ದರೆ ಮೊದಲು ಗಾಡಿ ಪಕ್ಕಕ್ಕೆ ಹಾಕಿ, ಇಲ್ಲಾ ಮನೆ ಸೇರಿದ ಮೇಲೆ ಕೇಳಿ. ನಾನು ಮಾತಾಡೋದು ಅದೇ ಗಾಡಿಯ ಬಗ್ಗೆ, ಮಾತು ಎಲ್ಲೂ ಓಡಿಹೋಗಲ್ಲ.

ಮೂರು ಪ್ರಶ್ನೆ ಕೇಳ್ತೀನಿ. ಒಂದು, ಸೆಲ್ಫ್ ಬಟನ್ ಒತ್ತುವಾಗ ಬ್ರೇಕ್ ಯಾಕೆ ಹಿಡೀಬೇಕು? ಎರಡು, ಬ್ಯಾಟರಿ ವೀಕ್ ಆದ ಬೈಕನ್ನ ಇಬ್ಬರು ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ, ಸ್ಕೂಟರನ್ನ ಊರಾಚೆ ತನಕ ತಳ್ಳಿದ್ರೂ ಸ್ಟಾರ್ಟ್ ಆಗಲ್ಲ, ಯಾಕೆ? ಮೂರು, ಘಾಟಿ ಇಳಿಯುವಾಗ ಬೈಕ್ ತಾನಾಗೇ ಸ್ವಲ್ಪ ತಡೆದುಕೊಂಡು ಇಳಿಯುತ್ತೆ, ಸ್ಕೂಟರ್ ಮಾತ್ರ ಹಿಡಿದ ಕೈ ಬಿಟ್ಟ ಹಾಗೆ ಜಾರುತ್ತೆ, ಯಾಕೆ?

ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ನಿಮ್ಮ ಸ್ಕೂಟರ್‌ನ ಎಡಬದಿಯಲ್ಲಿ, ಕಿಕ್ಕರ್ ಇರುವ ಆ ಉದ್ದನೆಯ ಕವರ್ ಒಳಗೆ. ಮೊದಲನೇ ಎರಡು ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ರೂ ಜೀವನ ನಡೆಯುತ್ತೆ. ಮೂರನೆಯದು ಹಾಗಲ್ಲ. ಅದಕ್ಕೇ ಇವತ್ತು ಪೆಟ್ರೋಲ್ ಸ್ಕೂಟರ್ ಒಳಗೆ ಏನು ನಡೆಯುತ್ತೆ ಅಂತ ಒಂದೊಂದಾಗಿ ಬಿಚ್ಚಿ ನೋಡೋಣ.

ಹೀರು, ಒತ್ತು, ಸಿಡಿ, ಉಗುಳು

ಎಂಜಿನ್‌ನಿಂದ ಶುರು ಮಾಡ್ತೀನಿ. ನಮ್ಮ ರಸ್ತೆಯಲ್ಲಿ ಓಡೋ ಬಹುಪಾಲು ಸ್ಕೂಟರ್‌ಗಳದ್ದು 110 ಅಥವಾ 125 ಸಿಸಿ ಎಂಜಿನ್. ಸಿಸಿ ಅಂದ್ರೆ ಪಿಸ್ಟನ್ ಮೇಲೆ ಕೆಳಗೆ ಓಡಾಡೋ ಜಾಗದ ಅಳತೆ. 110 ಸಿಸಿ ಅಂದ್ರೆ ಒಂದು ಸಣ್ಣ ಕಾಫಿ ಲೋಟದಷ್ಟು. ಅಷ್ಟೇ ಜಾಗದಿಂದ ಇಬ್ಬರನ್ನ, ಜೊತೆಗೆ ಕಾಲ ಹತ್ತಿರ ಇಟ್ಟ ಗ್ಯಾಸ್ ಸಿಲಿಂಡರನ್ನೂ ಎಳೆಯೋ ಶಕ್ತಿ ಬರುತ್ತೆ.

ಹೇಗೆ? ನಾಲ್ಕು ಹೆಜ್ಜೆ. ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿ ಮತ್ತು ಪೆಟ್ರೋಲ್ ಹನಿಗಳ ಮಿಶ್ರಣವನ್ನ ಒಳಗೆ ಹೀರುತ್ತೆ. ಮೇಲೆ ಬರುವಾಗ ಅದನ್ನ ಸುಮಾರು ಹತ್ತನೇ ಒಂದು ಭಾಗದಷ್ಟು ಜಾಗಕ್ಕೆ ಒತ್ತುತ್ತೆ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತೆ, ಮಿಶ್ರಣ ಸಿಡಿದು ಪಿಸ್ಟನನ್ನ ಕೆಳಗೆ ತಳ್ಳುತ್ತೆ. ಮತ್ತೆ ಮೇಲೆ ಬರುವಾಗ ಸುಟ್ಟ ಹೊಗೆಯನ್ನ ಸೈಲೆನ್ಸರ್ ಕಡೆ ಉಗುಳುತ್ತೆ. ಹೀರು, ಒತ್ತು, ಸಿಡಿ, ಉಗುಳು. ಫೋರ್ ಸ್ಟ್ರೋಕ್ ಅಂದ್ರೆ ಇಷ್ಟೇ.

ಈ ನಾಲ್ಕರಲ್ಲಿ ಕೆಲಸ ಮಾಡೋದು ಒಂದೇ, ಸಿಡಿಯೋದು. ಉಳಿದ ಮೂರು ಅದಕ್ಕೆ ತಯಾರಿ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗ್ತಿದ್ರೆ ಎರಡು ಸುತ್ತಿಗೊಂದರಂತೆ 3,000 ಸಿಡಿತ, ಅಂದ್ರೆ ಸೆಕೆಂಡಿಗೆ 50. ನಿಮಗೆ ಕೇಳಿಸೋ ಗುರ್ ಅನ್ನೋ ಒಂದೇ ಶಬ್ದ ಈ ಐವತ್ತು ಸಿಡಿತಗಳ ಸಾಲು.

ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸೋ ಕೆಲಸ ಮೊದಲು ಕಾರ್ಬ್ಯುರೇಟರ್ ಮಾಡ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್–6 ಹೊಗೆ ನಿಯಮ ಬಂದ ಮೇಲೆ ಆ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು. ಒಂದು ಪುಟ್ಟ ಕಂಪ್ಯೂಟರ್, ಕೆಲವು ಸೆನ್ಸರ್‌ಗಳನ್ನ ಕೇಳಿ, ಎಷ್ಟು ಪೆಟ್ರೋಲ್ ಚಿಮುಕಿಸಬೇಕು ಅಂತ ತೀರ್ಮಾನ ಮಾಡುತ್ತೆ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯೋ ಕಾಲ ಹೋಗಿದ್ದು ಹಾಗೆ.

ಇನ್ನೊಂದು ವಿಷಯ. ಬೈಕ್ ಎಂಜಿನ್‌ಗೆ ಮುಂದಿನಿಂದ ಗಾಳಿ ಬಡಿಯುತ್ತೆ. ಸ್ಕೂಟರ್ ಎಂಜಿನ್ ಸೀಟ್ ಕೆಳಗೆ, ಪ್ಯಾನೆಲ್ ಮರೆಯಲ್ಲಿ ಕೂತಿರುತ್ತೆ. ಅದಕ್ಕೇ ಹೆಚ್ಚಿನ ಸ್ಕೂಟರ್‌ಗಳಲ್ಲಿ ಎಂಜಿನ್ ಬಲಗಡೆ ಒಂದು ಫ್ಯಾನ್ ಇರುತ್ತೆ. ಎಂಜಿನ್ ತಿರುಗಿದ ಹಾಗೆ ಅದೂ ತಿರುಗಿ ತಂಪು ಮಾಡುತ್ತೆ. ಆ ಜಾಲರಿಗೆ ಕೆಸರು, ಪ್ಲಾಸ್ಟಿಕ್ ಕವರ್ ಮೆತ್ತಿಕೊಂಡ್ರೆ ಎಂಜಿನ್‌ಗೆ ಉಸಿರುಗಟ್ಟುತ್ತೆ.

ಗೇರ್ ಯಾಕೆ ಬೇಕು?

ಸರಿ, ಎಂಜಿನ್ ತಿರುಗಿತು. ಅದನ್ನ ನೇರವಾಗಿ ಚಕ್ರಕ್ಕೆ ಕಟ್ಟಿಬಿಟ್ರೆ ಆಗಲ್ವಾ? ಆಗಲ್ಲ. ಗೇರ್ ಸೈಕಲ್ ಓಡಿಸಿದ್ದೀರಾದ್ರೆ ಕಾರಣ ನಿಮ್ಮ ಕಾಲಿಗೇ ಗೊತ್ತು. ಏರು ಬಂದಾಗ ಹಿಂದೆ ದೊಡ್ಡ ಹಲ್ಲುಚಕ್ರಕ್ಕೆ ಹಾಕ್ತೀರಿ, ಪೆಡಲ್ ಹಗುರಾಗುತ್ತೆ, ಆದರೆ ಎಷ್ಟು ತುಳಿದ್ರೂ ವೇಗ ಕಡಿಮೆ. ಸಮತಟ್ಟು ಬಂದಾಗ ಸಣ್ಣದಕ್ಕೆ ಹಾಕ್ತೀರಿ, ವೇಗ ಬರುತ್ತೆ. ಎಂಜಿನ್ ಕೂಡ ಹಾಗೇ. ನಿಂತಲ್ಲಿಂದ ಹೊರಡೋಕೆ ಬಲ ಬೇಕು, ಓಡುವಾಗ ವೇಗ ಬೇಕು. ಒಂದೇ ಗೇರ್‌ನಲ್ಲಿ ಎರಡೂ ಸಿಗಲ್ಲ.

ನಿಮ್ಮ ಅಪ್ಪನ್ನೋ ಅಜ್ಜನ್ನೋ ಕೇಳಿ, 1972ರಲ್ಲಿ ಬಂದ ಬಜಾಜ್ ಚೇತಕ್ ಬಗ್ಗೆ ಹೇಳ್ತಾರೆ. ಅದರಲ್ಲಿ ಗೇರ್ ಎಡಗೈಯಲ್ಲಿತ್ತು. ಕ್ಲಚ್ ಒತ್ತಿ, ಇಡೀ ಹಿಡಿಯನ್ನ ತಿರುವಿ ಗೇರ್ ಹಾಕಬೇಕಿತ್ತು. ಸ್ಟಾರ್ಟ್ ಆಗದಿದ್ರೆ ಗಾಡಿಯನ್ನ ಪಕ್ಕಕ್ಕೆ ವಾಲಿಸಿ ಮತ್ತೆ ಕಿಕ್ ಹೊಡೆಯೋ ದೃಶ್ಯ ಪ್ರತಿ ಬೀದಿಯಲ್ಲೂ ಇತ್ತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರ್ ಹಾಕೋ ಹಾಗಿಲ್ಲ, ಬಟನ್ ಒತ್ತಿದ್ರೆ ಸ್ಟಾರ್ಟ್. 2001ರಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ಕೈಯಲ್ಲಿ ಗೇರ್ ಹಾಕೋ ಸ್ಕೂಟರ್ ನಿಧಾನಕ್ಕೆ ಮರೆಯಾಯ್ತು. ಈಗ ಹೋಂಡಾ ಸ್ಕೂಟರ್‌ಗಳು ಕೋಲಾರದ ನರಸಾಪುರದಲ್ಲೇ ತಯಾರಾಗ್ತವೆ, ಟಿವಿಎಸ್‌ಗೆ ಮೈಸೂರಿನಲ್ಲಿ ಕಾರ್ಖಾನೆ ಇದೆ. ನಿಮ್ಮ ಗಾಡಿ ನಮ್ಮ ರಾಜ್ಯದಲ್ಲೇ ಹುಟ್ಟಿದ್ದಿರಬಹುದು.

ಜನ ಅದನ್ನ ‘ಗೇರ್‌ಲೆಸ್’ ಅಂತ ಕರೆದ್ರು. ನನ್ನ ಪ್ರಕಾರ ಆ ಹೆಸರೇ ತಪ್ಪು ದಾರಿ ತೋರಿಸುತ್ತೆ. ಗೇರ್ ಎಲ್ಲೂ ಹೋಗಿಲ್ಲ. ಅದನ್ನ ಬದಲಿಸೋ ಕೆಲಸ ನಿಮ್ಮ ಕೈಯಿಂದ ಆ ಎಡಗಡೆಯ ಕವರ್ ಒಳಗೆ ಹೋಗಿದೆ, ಅಷ್ಟೇ.

ಬೆನ್ನಿಗೆ ಬೆನ್ನು ಕೊಟ್ಟ ತಟ್ಟೆಗಳು

ಮನೆ ಹತ್ತಿರದ ಗ್ಯಾರೇಜಿನಲ್ಲಿ ಆ ಕವರ್ ಬಿಚ್ಚಿದಾಗ ಪಕ್ಕದಲ್ಲೇ ಕೂತು ನೋಡಿದ್ದೀನಿ. ಒಳಗೆ ಕಾಣೋದು ಮುಂದೊಂದು ರಾಟೆ, ಹಿಂದೊಂದು ರಾಟೆ, ಮಧ್ಯೆ ಒಂದು ದಪ್ಪ ರಬ್ಬರ್ ಬೆಲ್ಟ್. ಮುಂದಿನ ರಾಟೆ ಎಂಜಿನ್‌ಗೆ ಸೇರಿದ್ದು. ಹಿಂದಿನದು ಚಕ್ರದ ಕಡೆಯದು. ಇಡೀ ವ್ಯವಸ್ಥೆಗೆ ಸಿವಿಟಿ ಅಂತ ಹೆಸರು.

ಈಗ ಅಡುಗೆಮನೆಯಿಂದ ಎರಡು ಊಟದ ತಟ್ಟೆ ತಂದು, ಬೆನ್ನಿಗೆ ಬೆನ್ನು ತಾಗೋ ಹಾಗೆ ನಿಲ್ಲಿಸಿದ್ದೀರಿ ಅಂದ್ಕೊಳ್ಳಿ. ಮಧ್ಯೆ ಒಂದು ವಿ ಆಕಾರದ ಸಂದು ಆಗುತ್ತೆ. ಒಂದೊಂದು ರಾಟೆಯೂ ಹೀಗೇ ಇರೋದು, ಎರಡು ಅರ್ಧಗಳು. ಬೆಲ್ಟ್ ಆ ಸಂದಿನಲ್ಲಿ ಕೂರುತ್ತೆ. ತಟ್ಟೆಗಳನ್ನ ದೂರ ಸರಿಸಿದ್ರೆ ಬೆಲ್ಟ್ ಒಳಕ್ಕೆ ಇಳಿಯುತ್ತೆ, ಅಂದ್ರೆ ರಾಟೆ ಸಣ್ಣದಾದ ಹಾಗೆ. ಹತ್ತಿರ ಒತ್ತಿದ್ರೆ ಬೆಲ್ಟ್ ಅಂಚಿನ ಕಡೆ ಏರುತ್ತೆ, ರಾಟೆ ದೊಡ್ಡದಾದ ಹಾಗೆ.

ಈ ತಟ್ಟೆಗಳನ್ನ ಒತ್ತೋದು ಯಾರು? ಮುಂದಿನ ರಾಟೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಆರು ಪುಟ್ಟ ರೋಲರ್‌ಗಳು ಇರ್ತವೆ, ನೋಡೋಕೆ ದಪ್ಪ ಗುಂಡಿಗಳ ಹಾಗೆ. ಜಾತ್ರೆಯಲ್ಲಿ ಸರಪಳಿಗೆ ಕಟ್ಟಿದ ಕುರ್ಚಿಯ ರಾಟೆ ತಿರುಗುವಾಗ ಕುರ್ಚಿಗಳು ಹೊರಗೆ ಚಿಮ್ಮುತ್ವೆ ಅಲ್ವಾ? ಎಂಜಿನ್ ವೇಗ ಏರಿದ ಹಾಗೆ ಈ ರೋಲರ್‌ಗಳೂ ಹಾಗೇ ಹೊರಗೆ ಸರೀತವೆ. ಸರಿಯೋ ದಾರಿ ಇಳಿಜಾರಾಗಿರೋದ್ರಿಂದ ಒಂದು ತಟ್ಟೆಯನ್ನ ಇನ್ನೊಂದರ ಕಡೆ ಒತ್ತುತ್ತವೆ. ಬೆಲ್ಟ್ ಮುಂದೆ ಮೇಲೇರುತ್ತೆ.

ಬೆಲ್ಟ್‌ನ ಉದ್ದ ಬದಲಾಗಲ್ಲ. ಮುಂದೆ ಏರಿದಷ್ಟೂ ಅದು ಹಿಂದಿನ ರಾಟೆಯ ತಟ್ಟೆಗಳನ್ನ ಬಿಡಿಸಿಕೊಂಡು ಒಳಕ್ಕೆ ಇಳಿಯಲೇಬೇಕು. ಹಿಂದೆ ಒಂದು ಗಟ್ಟಿ ಸ್ಪ್ರಿಂಗ್ ಅದನ್ನ ತಡೀತಾ ಇರುತ್ತೆ. ನಿಂತಲ್ಲಿಂದ ಹೊರಟಾಗ ಮುಂದೆ ಸಣ್ಣದು, ಹಿಂದೆ ದೊಡ್ಡದು: ಇದು ಒಂದನೇ ಗೇರ್. 50–60 ಕಿಲೋಮೀಟರ್ ವೇಗದಲ್ಲಿ ಮುಂದೆ ದೊಡ್ಡದು, ಹಿಂದೆ ಸಣ್ಣದು: ಇದು ಟಾಪ್ ಗೇರ್. ಮಧ್ಯೆ ಇರೋದು ನಾಲ್ಕೋ ಐದೋ ಮೆಟ್ಟಿಲಲ್ಲ, ಒಂದು ಜಾರುದಾರಿ. ಅದಕ್ಕೇ ಗೇರ್ ಬದಲಾಗಿದ್ದು ನಿಮಗೆ ಗೊತ್ತೇ ಆಗಲ್ಲ.

ಚಾಮುಂಡಿ ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ತಿರುವಿದ್ರೂ ಗಾಡಿ ನಿಧಾನ, ಸದ್ದು ಮಾತ್ರ ಜೋರು ಅನ್ಸುತ್ತಲ್ಲ? ಚಕ್ರದ ಮೇಲೆ ಭಾರ ಬಿದ್ದಾಗ ಹಿಂದಿನ ರಾಟೆಯ ಕೆತ್ತನೆಯೇ ತಟ್ಟೆಗಳನ್ನ ಮತ್ತೆ ಹತ್ತಿರ ಬಿಗಿಯೋ ಹಾಗಿದೆ. ಬೆಲ್ಟ್ ಹಿಂದೆ ಮೇಲೇರುತ್ತೆ, ಗೇರ್ ಇಳಿಯುತ್ತೆ. ಸ್ಕೂಟರ್ ಸೆಕೆಂಡ್ ಗೇರ್‌ಗೆ ಬಂದಿದೆ ಅಂತ ಅರ್ಥ. ಕೆಟ್ಟಿಲ್ಲ.

ಹಿಡಿಯೋ ಕೈ, ಬಿಡೋ ಕೈ

ಈಗ ಮುಖ್ಯವಾದ ಭಾಗ, ಕ್ಲಚ್. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಿರುಗ್ತಾನೇ ಇರುತ್ತೆ, ಚಕ್ರ ನಿಂತಿರುತ್ತೆ. ಅಂದ್ರೆ ಎಲ್ಲೋ ಒಂದು ಕಡೆ ಸಂಬಂಧ ಕಡಿದಿರಬೇಕು. ಆ ಜಾಗ ಹಿಂದಿನ ರಾಟೆಯ ಪಕ್ಕದಲ್ಲೇ ಇದೆ. ಅಲ್ಲಿ ಸಾಮಾನ್ಯವಾಗಿ ಮೂರು ಕ್ಲಚ್ ಶೂಗಳು ಬೆಲ್ಟ್ ಜೊತೆ ತಿರುಗ್ತಾ ಇರ್ತವೆ. ಅವುಗಳ ಸುತ್ತ ಒಂದು ಉಕ್ಕಿನ ಬಟ್ಟಲು ಮುಚ್ಚಿರುತ್ತೆ, ಮೆಕ್ಯಾನಿಕ್‌ಗಳು ಅದನ್ನ ಬೆಲ್ ಅಂತಾರೆ. ಬೆಲ್ ತಿರುಗಿದ್ರೆ ಅದರ ಹಿಂದಿರೋ ಹಲ್ಲುಚಕ್ರಗಳ ಮೂಲಕ ಹಿಂದಿನ ಚಕ್ರ ತಿರುಗುತ್ತೆ.

ಎಂಜಿನ್ ನಿಧಾನಕ್ಕೆ ತಿರುಗುವಾಗ ಸ್ಪ್ರಿಂಗ್‌ಗಳು ಶೂಗಳನ್ನ ಒಳಗೆ ಎಳೆದಿಟ್ಟಿರ್ತವೆ. ಅವು ಬೆಲ್‌ಗೆ ತಾಗಲ್ಲ. ಆಕ್ಸಿಲರೇಟರ್ ಕೊಟ್ರೆ ಅದೇ ಜಾತ್ರೆಯ ಕುರ್ಚಿಯ ನಿಯಮ, ಶೂಗಳು ಹೊರಗೆ ಚಿಮ್ಮಿ ಬೆಲ್‌ನ ಒಳಗೋಡೆಯನ್ನ ಗಟ್ಟಿಯಾಗಿ ಹಿಡೀತವೆ. ಗಾಡಿ ಹೊರಡುತ್ತೆ.

ನೆನಪಿಡಬೇಕಾದ ಒಂದೇ ಮಾತು: ಶೂಗಳು ಇರೋದು ಎಂಜಿನ್ ಕಡೆ, ಬೆಲ್ ಇರೋದು ಚಕ್ರದ ಕಡೆ. ಹಿಡಿಯೋ ನಿರ್ಧಾರ ಎಂಜಿನ್‌ದು. ಚಕ್ರಕ್ಕೆ ಆ ಅಧಿಕಾರ ಇಲ್ಲ.

ಈಗ ಮೊದಲನೇ ಪ್ರಶ್ನೆಗೆ ಬನ್ನಿ. ಸ್ಕೂಟರ್‌ನಲ್ಲಿ ನ್ಯೂಟ್ರಲ್ ಅನ್ನೋದೇ ಇಲ್ಲ. ಸ್ಟಾರ್ಟ್ ಆಗೋ ಕ್ಷಣದಲ್ಲಿ ಆಕ್ಸಿಲರೇಟರ್ ಸ್ವಲ್ಪ ತಿರುಗಿದ್ರೂ ಶೂ ಹಿಡಿದು ಗಾಡಿ ಮುಂದಕ್ಕೆ ನೆಗೆಯಬಹುದು. ಅದಕ್ಕೇ ಬ್ರೇಕ್ ಹಿಡಿದ ಮೇಲೇ ಸೆಲ್ಫ್ ಕೆಲಸ ಮಾಡೋ ಹಾಗೆ ವೈರಿಂಗ್ ಮಾಡಿದ್ದಾರೆ. ಮನೆಯಲ್ಲಿ ಮಕ್ಕಳಿದ್ರೆ, ಆನ್ ಆಗಿರೋ ಸ್ಕೂಟರ್ ಮುಂದೆ ನಿಲ್ಲಿಸ್ಕೊಂಡು ಮಾತಾಡೋ ಅಭ್ಯಾಸ ಬಿಡಿ. ಪುಟ್ಟ ಕೈ ಹ್ಯಾಂಡಲ್ ಹಿಡಿದು ತಿರುವಿದ್ರೆ ಸಾಕು.

ಎರಡನೇದು, ತಳ್ಳಿದ್ರೆ ಯಾಕೆ ಸ್ಟಾರ್ಟ್ ಆಗಲ್ಲ? ತಳ್ಳಿದಾಗ ಚಕ್ರ ತಿರುಗುತ್ತೆ, ಬೆಲ್ ತಿರುಗುತ್ತೆ. ಒಳಗಿನ ಶೂಗಳು ಸುಮ್ಮನೆ ಕೂತಿರ್ತವೆ. ಬೆಲ್ ಅವುಗಳ ಸುತ್ತ ಖಾಲಿ ತಿರುಗುತ್ತೆ, ಅಷ್ಟೇ. ತಿರುಗೋ ಸುದ್ದಿ ಎಂಜಿನ್ ತನಕ ಮುಟ್ಟೋದೇ ಇಲ್ಲ.

ಘಾಟಿ ಇಳಿಯುವಾಗ

ಮೂರನೇ ಪ್ರಶ್ನೆಯ ಉತ್ತರ ನಿಮಗೆ ಹೊಳೆದಿರಬೇಕು. ಆಗುಂಬೆಯ 14 ತಿರುವು ಇಳಿದು ಸೋಮೇಶ್ವರದ ಕಡೆ ಹೋಗ್ತಿದ್ದೀರಿ, ಹಿಂದೆ ಒಬ್ಬರು ಕೂತಿದ್ದಾರೆ ಅಂದ್ಕೊಳ್ಳಿ. ಇಳಿಜಾರು ಅಲ್ವಾ, ಆಕ್ಸಿಲರೇಟರ್ ಯಾಕೆ ಅಂತ ಮೇಲಿಂದಲೇ ಸುಮ್ಮನೆ ಬಿಡ್ತೀರಿ. ಎಂಜಿನ್ ಆನ್ ಇದೆ, ಆದರೆ ನಿಧಾನ ತಿರುಗ್ತಿದೆ. ಶೂಗಳು ಒಳಗೇ ಇವೆ. ಚಕ್ರ ಎಷ್ಟೇ ಜೋರಾಗಿ ತಿರುಗಲಿ, ಬೆಲ್ ಖಾಲಿ ತಿರುಗುತ್ತೆ. ಎಂಜಿನ್ ನಿಮ್ಮನ್ನ ತಡೆಯಲ್ಲ, ತಡೆಯೋಕೆ ಅದಕ್ಕೆ ಚಕ್ರದ ಸಂಬಂಧವೇ ಇಲ್ಲ. ಆ ಹೊತ್ತಿಗೆ ನಿಮ್ಮ ಸ್ಕೂಟರ್ ನೂರು ಕೆ.ಜಿ. ದಾಟಿದ ಒಂದು ಸೈಕಲ್. ಇಬ್ಬರ ತೂಕ ಬೇರೆ. ಎಲ್ಲವನ್ನೂ ಹಿಡಿದು ನಿಲ್ಲಿಸಬೇಕಾದ್ದು ಎರಡು ಬ್ರೇಕ್ ಮಾತ್ರ.

ಬೈಕ್‌ನಲ್ಲಿ ಎರಡನೇ ಗೇರ್ ಹಾಕಿ ಕ್ಲಚ್ ಬಿಟ್ರೆ ಚಕ್ರವೇ ಎಂಜಿನನ್ನ ತಿರುಗಿಸಬೇಕಾಗುತ್ತೆ. ಅದು ಭಾರದ ಕೆಲಸ, ಹಾಗಾಗಿ ವೇಗ ತಾನಾಗೇ ತಗ್ಗುತ್ತೆ. ಎಂಜಿನ್ ಬ್ರೇಕಿಂಗ್ ಅನ್ನೋದು ಇದನ್ನೇ.

ಸ್ಕೂಟರ್‌ನಲ್ಲೂ ಇದು ಸ್ವಲ್ಪ ಮಟ್ಟಿಗೆ ಸಿಗುತ್ತೆ, ನೀವು ಕೇಳಿ ಪಡೀಬೇಕು. ನೇರ ರಸ್ತೆ ಇರೋ ಕಡೆ ಆಕ್ಸಿಲರೇಟರನ್ನ ಒಂದು ಕ್ಷಣ, ತುಸುವೇ ಕೊಡಿ. ಶೂಗಳು ಚಿಮ್ಮಿ ಬೆಲ್ ಹಿಡೀತವೆ. ಆಮೇಲೆ ಬಿಡಿ. ಈಗ ಚಕ್ರ, ಬೆಲ್ಟ್, ಎಂಜಿನ್ ಮೂರೂ ಒಂದಕ್ಕೊಂದು ಸೇರಿವೆ, ಗಾಡಿಯನ್ನ ಯಾರೋ ಹಿಂದಿನಿಂದ ಮೆಲ್ಲಗೆ ಎಳೆದ ಹಾಗೆ ಅನ್ಸುತ್ತೆ. ವೇಗ ತುಂಬಾ ಕಡಿಮೆಯಾದ್ರೆ ಶೂ ಮತ್ತೆ ಬಿಟ್ಟುಬಿಡುತ್ತೆ, ಗಾಡಿ ಮತ್ತೆ ಹಗುರಾಗಿ ಜಾರುತ್ತೆ. ಆಗ ಮತ್ತೊಮ್ಮೆ ತುಸು ಕೊಡಿ. ಬೈಕ್‌ನಷ್ಟು ಗಟ್ಟಿ ತಡೆ ಇದಲ್ಲ. ಬ್ರೇಕ್ ಕೆಲಸ ಬ್ರೇಕೇ ಮಾಡಬೇಕು, ಇದು ಅದರ ಭಾರ ಇಳಿಸುತ್ತೆ.

ಪೆಟ್ರೋಲ್ ಉಳಿಸೋಕೆ ಅಂತ ಇಳಿಜಾರಲ್ಲಿ ಎಂಜಿನ್ ಆಫ್ ಮಾಡೋರಿದ್ದಾರೆ. ಇಷ್ಟು ಕೇಳಿದ ಮೇಲೆ ಅದು ಯಾಕೆ ಬೇಡ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಫ್ ಆದ ಎಂಜಿನ್‌ಗೆ ಶೂಗಳನ್ನ ಚಿಮ್ಮಿಸೋ ದಾರಿಯೇ ಇಲ್ಲ.

ಇನ್ನು ಬ್ರೇಕ್. ಬ್ರೇಕ್ ಮಾಡೋದು ವೇಗವನ್ನ ಬಿಸಿಯಾಗಿ ಬದಲಿಸೋ ಕೆಲಸ. ಘಾಟಿಯುದ್ದಕ್ಕೂ ಒಂದೇ ಸಮನೆ ಹಿಡಿದುಕೊಂಡಿದ್ರೆ ಬ್ರೇಕ್ ಶೂ ಕಾದು, ಹಿಡಿತ ಕಡಿಮೆಯಾಗುತ್ತೆ. ಸುಟ್ಟ ವಾಸನೆ ಬಂದ್ರೆ, ಲಿವರ್ ಹೆಚ್ಚು ಒತ್ತಿದ್ರೂ ಗಾಡಿ ನಿಲ್ತಿಲ್ಲ ಅನ್ಸಿದ್ರೆ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಆರೋಕೆ ಬಿಡಿ. ನೀರು ಹುಯ್ಯಬೇಡಿ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಸಡಿಲ ಬಿಡಿ. 2019ರ ಏಪ್ರಿಲ್‌ನಿಂದ 125 ಸಿಸಿ ತನಕದ ಗಾಡಿಗಳಿಗೆ ಕಾಂಬಿ ಬ್ರೇಕ್ ಕಡ್ಡಾಯ, ಎಬಿಎಸ್ ಇದ್ದವನ್ನ ಬಿಟ್ಟು. ಸ್ಕೂಟರ್‌ನಲ್ಲಿ ಎಡಗೈ ಲಿವರ್ ಹಿಡಿದ್ರೆ ಹಿಂದಿನದರ ಜೊತೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತೆ. ಹಾಗಂತ ಬಲಗೈ ಲಿವರ್ ಮರೀಬೇಡಿ. ಗಾಡಿ ನಿಲ್ಲುವಾಗ ತೂಕ ಮುಂದಕ್ಕೆ ವಾಲುತ್ತೆ, ನಿಲ್ಲಿಸೋ ಹೆಚ್ಚಿನ ಶಕ್ತಿ ಮುಂದಿನ ಚಕ್ರದ್ದೇ. ಎರಡನ್ನೂ ಒಟ್ಟಿಗೆ, ಹದವಾಗಿ ಹಿಡಿಯಿರಿ.

ಗ್ಯಾರೇಜಿನ ಭಾಷೆ

ಇಷ್ಟು ತಿಳಿದ್ರೆ ಮೆಕ್ಯಾನಿಕ್ ಹೇಳೋದು ಅರ್ಥ ಆಗುತ್ತೆ, ಬಿಲ್ಲೂ ಅರ್ಥ ಆಗುತ್ತೆ. ಆಕ್ಸಿಲರೇಟರ್ ಕೊಟ್ರೆ ಸದ್ದು ಏರುತ್ತೆ, ವೇಗ ಏರಲ್ಲ ಅಂದ್ರೆ ಬೆಲ್ಟ್ ಸವೆದು ಜಾರ್ತಿರಬಹುದು, ಇಲ್ಲಾ ಕ್ಲಚ್ ಶೂ ಸವೆದಿರಬಹುದು. ಹೊರಡುವಾಗ ಗಾಡಿ ನಡುಗಿದ್ರೆ ಶೂ ಮತ್ತು ಬೆಲ್ ನಡುವೆ ದೂಳು ಕೂತಿರಬಹುದು. ರೋಲರ್‌ಗಳು ಒಂದು ಕಡೆ ಸವೆದು ಚಪ್ಪಟೆಯಾದ್ರೆ ಸರಿಯಾಗಿ ಹೊರಳಲ್ಲ, ಪಿಕಪ್ ಎಡವಿದ ಹಾಗಾಗುತ್ತೆ. ಸಿಗ್ನಲ್‌ನಲ್ಲಿ ಬ್ರೇಕ್ ಹಿಡಿದೇ ಆಕ್ಸಿಲರೇಟರ್ ಕೊಡ್ತಾ ನಿಲ್ಲೋ ಚಟ ಇದೆಯಾ? ಒಳಗೆ ಶೂ ಬೆಲ್‌ಗೆ ಉಜ್ಜಿ ಕಾಯ್ತಾ ಇರುತ್ತೆ. ಆ ಚಟದ ಬಿಲ್ ಆಮೇಲೆ ಬರುತ್ತೆ.

ಬೆಲ್ಟ್ ರಬ್ಬರ್‌ದು, ಅದಕ್ಕೂ ಆಯಸ್ಸಿದೆ. ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಅಂತ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಬರೆದಿರುತ್ತೆ. ಸೀಟ್ ಕೆಳಗೆ ಮಡಚಿಟ್ಟ ಪುಸ್ತಕ ಇದೆಯಲ್ಲ, ಅದೇ. ದಾರಿ ಮಧ್ಯೆ ಬೆಲ್ಟ್ ತುಂಡಾದ್ರೆ ಎಂಜಿನ್ ಚೆನ್ನಾಗಿ ಓಡ್ತಿದ್ರೂ ಗಾಡಿ ಅಲ್ಲಾಡಲ್ಲ. ಎಂಜಿನ್ ಆಯಿಲ್ ಬೇರೆ, ಹಿಂದಿನ ಚಕ್ರದ ಹತ್ತಿರ ಹಾಕೋ ಗೇರ್ ಆಯಿಲ್ ಬೇರೆ. ಸರ್ವಿಸ್‌ನಲ್ಲಿ ಎರಡನೆಯದನ್ನೂ ಕೇಳಿ.

ಮಳೆಗಾಲಕ್ಕೆ ಒಂದು ಮಾತು. ನೀರು ತುಂಬಿದ ಅಂಡರ್‌ಪಾಸ್‌ನಲ್ಲಿ ಗಾಡಿ ಆಫ್ ಆದ್ರೆ ಮತ್ತೆ ಮತ್ತೆ ಸೆಲ್ಫ್ ಹೊಡೀಬೇಡಿ. ಗಾಳಿಯನ್ನ ಒತ್ತಬಹುದು, ನೀರನ್ನ ಒತ್ತೋಕಾಗಲ್ಲ. ಸಿಲಿಂಡರ್ ಒಳಗೆ ನೀರು ಸೇರಿದ್ದಾಗ ಪಿಸ್ಟನ್ ಮೇಲೆ ಬಂದ್ರೆ ನೀರು ಜಾಗ ಕೊಡಲ್ಲ, ಕನೆಕ್ಟಿಂಗ್ ರಾಡೇ ಬಾಗಬಹುದು. ತಳ್ಳಿಕೊಂಡು ಹೊರಗೆ ಬನ್ನಿ, ಮೆಕ್ಯಾನಿಕ್ ಕೈಗೆ ಕೊಡಿ.

ಮುಂದಿನ ಸಲ ಇಳಿಜಾರಿನ ಮೇಲ್ತುದಿಯಲ್ಲಿ ನಿಂತಾಗ ಇಷ್ಟು ಮಾಡಿ: ಎಂಜಿನ್ ಆನ್ ಇರಲಿ, ಎರಡೂ ಬ್ರೇಕ್ ಒಮ್ಮೆ ಒತ್ತಿ ನೋಡಿ, ತುಸು ಆಕ್ಸಿಲರೇಟರ್ ಕೊಟ್ಟೇ ಹೊರಡಿ. ನಿಮ್ಮ ಎಡಗಾಲಿನ ಪಕ್ಕ, ಕವರ್ ಒಳಗೆ, ಶೂಗಳು ಬೆಲ್ ಹಿಡಿದಿದ್ದು ಗೊತ್ತಾಗುತ್ತೆ. ಈ ಸಂಚಿಕೆಯನ್ನ ಹೊಸದಾಗಿ ಲೈಸೆನ್ಸ್ ತಗೊಂಡ ತಮ್ಮನಿಗೋ ತಂಗಿಗೋ ಕಳಿಸಿ. ಮತ್ತೆ ಸಿಗೋಣ, ಹೆಲ್ಮೆಟ್ ಬಕಲ್ ಹಾಕಿಕೊಳ್ಳಿ.